ಅಡಿವೆಪ್ಪನ ಶೀಕರಣಿ

ಹೊಳೆದಂಡೆಯ ಮಠಕ್ಕೆ ಪುಟ್ಟದೊಂದು ಮಾವಿನ ತೋಟವಿತ್ತು. ಹಿಂದಿನ ಗುರುಗಳು ಹಣ್ಣು ತಿಂದು ಊರಿದ ಗೊರಟೆಗಳಿಂದ ಎದ್ದ ಹಳೆಯ ಗಿಡಗಳು. ಒಂದರ ಹಣ್ಣು ಇನ್ನೊಂದರಂತಿರಲಿಲ್ಲ. ಹಸಿರಾಗಿದ್ದೇ ಹಣ್ಣಾಗುವ ಸಕ್ಕರೆಗುಟ್ಲಿ, ಸೋಂಪಿನ ವಾಸನೆಯದೊಂದು, ಕೆಂಪು ಕೆನ್ನೆಯ ಹುಳಿಗೌಡ.

ಶಿಷ್ಯ ಅಡಿವೆಪ್ಪ ನಾಲಿಗೆಯನ್ನು ಗೆಲ್ಲಲು ಹೊರಟಿದ್ದ. ಅನ್ನ, ಸಾರು, ಮಜ್ಜಿಗೆ ಎಲ್ಲ ಕಲಸಿ, ಮೇಲೆ ನೀರು ಸುರಿದು ನುಂಗುತ್ತಿದ್ದ. ಪಾಪ, ನೋಡಿದವರ ಹಸಿವೂ ಹೋಗುತ್ತಿತ್ತು.

ಕೊಯ್ಲಿನ ದಿನ ಗುರುಗಳು ಕರೆದರು.

“ಅಡಿವೆಪ್ಪಾ, ಇವತ್ತ ಹಣ್ಣ ಇಳಸಾಕ ಬಂದ ಮಂದಿಗೆ ನಿಂದ ಅಡಿಗಿ. ಊಟ ಆದಮ್ಯಾಲ ನಿನಗ ಕಾವಿ ಕೊಡತೇನಿ.”

ಅಡಿವೆಪ್ಪನ ಎದೆ ಹಿಗ್ಗಿತು. ಈ ಮಾತಿಗಾಗಿ ವರ್ಷಗಟ್ಟಲೆ ಕಾದಿದ್ದ.

“ಗದ್ದಿಗಿಗೆ ಎಡಿ ಹಿಡಿಯೂತನಕ ಅಡಿಗಿ ರುಚಿ ನೋಡಾಂಗಿಲ್ಲ. ಅದಕ್ಕ ಈಗ ತ್ವಾಟದಾಗ ಗಿಡಕ್ಕೊಂದು ಹಣ್ಣು ತಿಂದು ನೋಡು.”

“ನಾ ಹಣ್ಣು ಬಾಯಿಗೆ ಇಡಾಂಗಿಲ್ರಿ, ಅಜ್ಜಾರ. ಕಣ್ಣಲೇ ಆರಸ್ತೇನ್ರಿ.”

“ಆತು,” ಎಂದರು ಗುರುಗಳು.

ಕೆಂಪು ಕೆನ್ನೆಯ ಚೆಲುವಾದ ಹಣ್ಣುಗಳನ್ನು ಹಿಂಡಿ ಅಡಿವೆಪ್ಪ ಹೋಳಿಗೆಯ ಜೊತೆಗೆಂದು ಶೀಕರಣಿ ಮಾಡಿದ. ಹಸಿರಿದ್ದವು ಕಾಯಿಗಳೆನಿಸಿ ಚಟ್ನಿಗೆ ಹೋದವು. ಅವನ್ನು ಹೆಚ್ಚುವಾಗ ರಸ ಮೊಣಕೈಗಿಳಿಯಿತು. ನೆಕ್ಕಲಿಲ್ಲ, ತೊಳೆದುಕೊಂಡ. ತನ್ನ ಬಗ್ಗೆ ತನಗೇ ಮೆಚ್ಚುಗೆಯಾಯಿತು.

ಗದ್ದುಗೆಗೆ ಎಡೆಯಾಯಿತು, ಮಂದಿ ಊಟಕ್ಕೆ ಕೂತರು. ಹಣ್ಣು ಇಳಿಸಲು ಬಂದಿದ್ದ ಕಾಶವ್ವ ಶೀಕರಣಿಯ ಮೊದಲ ತುತ್ತಿಗೇ ಒಂದು ಕಣ್ಣು ಮುಚ್ಚಿದಳು.

“ಯಪ್ಪಾ, ಹಲ್ಲು ಚುಂ ಅಂದುವಲ್ಲೋ!”

ಆಮೇಲೆ ಚಟ್ನಿ ನೆಕ್ಕಿದಳು. “ಇದನ್ನ ಹೋಳಿಗಿಗೆ ಹಚಕೊಂಡು ತಿನ್ನಬೇಕ ನೋಡು!”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅಡಿವೆಪ್ಪನ ಮುಖ ಸಪ್ಪಗಾಯಿತು.

“ತಪ್ಪಾತ್ರಿ, ಅಜ್ಜಾರ. ಎಲ್ಲಾ ಅಡಿಗಿ ಕೆಡಿಸಿದೆ.”

“ನೀ ನಾಲಿಗಿ ಗೆದ್ದಿಯಪಾ,” ಎಂದರು ಗುರುಗಳು, ಹುಳಿಗೆ ಮುಖ ಕಿವುಚುತ್ತ. “ಸೋತವರು ನಾವು.”

ಮಂದಿ ಎದ್ದು ಹೋದ ಮೇಲೆ ಅಡಿವೆಪ್ಪ ಅಡಿಗೆಮನೆಯ ಹಿಂದೆ ಕೂತು ಅತ್ತ. ಕಾವಿ ಕೈತಪ್ಪಿತು ಎಂದು ಅವನಿಗೆ ಖಾತ್ರಿಯಾಗಿತ್ತು.

ಗುರುಗಳು ಹೊಸ ಕಾವಿ ಬಟ್ಟೆ ಹಿಡಿದು ಬಂದರು. ಅವನ ಕೈಹಿಡಿದು ತೋಟಕ್ಕೆ ಕರೆದೊಯ್ದರು. ಬಟ್ಟೆಯನ್ನು ನೆಲಕ್ಕೆ ಹಾಸಿ, ಗಿಡಕ್ಕೊಂದರಂತೆ ಹಣ್ಣು ತಂದು ಅದರ ಮೇಲಿಟ್ಟರು.

“ತಿನ್ನು.”

ಅಡಿವೆಪ್ಪ ಅಂಜುತ್ತಲೇ ಸಕ್ಕರೆಗುಟ್ಲಿ ಕಚ್ಚಿದ. ಆಮೇಲೆ ಅವನನ್ನು ಹಿಡಿಯುವವರಿರಲಿಲ್ಲ. ಗೊರಟೆ ಬೆಳ್ಳಗಾಗುವವರೆಗೆ ಚೀಪಿದ. ಸೋಂಪಿನ ವಾಸನೆಯದನ್ನು ಕಣ್ಣುಮುಚ್ಚಿ ತಿಂದ. ಹುಳಿಗೌಡನಿಗೆ ಮೈ ಜುಮ್ಮೆಂದು ಗಟ್ಟಿಯಾಗಿ ನಕ್ಕುಬಿಟ್ಟ. “ಇದರ ಚಟ್ನಿ ಆಗಬೇಕಿತ್ತಲ್ರಿ!”

ರಸ ಕಾವಿಯ ಮೇಲೆಲ್ಲ ತೊಟ್ಟಿಕ್ಕಿತ್ತು. ಅದನ್ನು ಕಂಡು ಅವನ ನಗು ನಿಂತಿತು.

“ಅಜ್ಜಾರ, ನನಗ ರುಚಿ ಹತ್ತಿತ್ರಿ. ಇನ್ನ ನನಗೆಲ್ಲಿ ಕಾವಿ?”

ಗುರುಗಳು ಬಟ್ಟೆಯ ಮೇಲಿನ ಸಿಪ್ಪೆ ಕೊಡವಿದರು. ಕಲೆಯಾದ ಆ ಕಾವಿಯನ್ನೇ ಅವನ ಹೆಗಲಿಗೆ ಹೊದಿಸಿದರು.

“ಹತ್ತಲಿ ಬಿಡಪಾ. ಉಣ್ಣಾಕ ಬರೂ ಮಂದಿಗೂ ನಾಲಿಗಿ ಐತಿ.”