ನಕ್ಷತ್ರ ಎಳೆ ದಾಟಿದ ಕ್ಷಣ

"ಗುರುಗಳೇ, ಹತ್ತು ಜನರ ಹೆಜ್ಜೆಗೆ ಹೆಜ್ಜೆ ಹಾಕಲಾರದವನನ್ನು ಮಠದಲ್ಲಿ ಇಟ್ಟುಕೊಳ್ಳುವುದು ಸರಿಯೇ?" ಎಂದು ವೃಷಭೇಂದ್ರ ಕೇಳಿದ.

ಅವನು ಮಠದ ಹಿರಿಯ ಶಿಷ್ಯ. ಕೇಳಿದ್ದು ತನ್ನ ಜೊತೆಗೇ ಓದುವ ಫಾಲಾಕ್ಷನ ವಿಷಯ. ಎಲ್ಲರೂ ಶ್ಲೋಕ ಮುಗಿಸಿದ ಮೇಲೆ ಫಾಲಾಕ್ಷನ ಕೊನೆಯ ಪದ ಕೇಳಿಸುತ್ತಿತ್ತು. ಎಲ್ಲರೂ ನಕ್ಕು ಸುಮ್ಮನಾದ ಮೇಲೆ ಅವನು ನಗುತ್ತಿದ್ದ. ವೃಷಭೇಂದ್ರ ಇದನ್ನೆಲ್ಲ ಒಂದು ತಿಂಗಳು ಗಮನಿಸಿ, ಅವನನ್ನು ಊರಿಗೆ ಕಳಿಸಿಬಿಡುವುದೇ ಒಳ್ಳೆಯದೆಂದು ತೀರ್ಮಾನಿಸಿ ಬಂದಿದ್ದ. ಗುರುಗಳು ಹೂಂ ಎಂದರೆ ಮರುದಿನವೇ ಬಂಡಿ ಹೂಡಿಸಲು ಸಿದ್ಧನಾಗಿದ್ದ.

ಗುರುಗಳು ಕಡಲೆಕಾಯಿ ಸುಲಿಯುತ್ತ ಕುಳಿತಿದ್ದರು. "ಕೂತುಕೋ. ಬಂಡಿ ಹೂಡಲು ಇನ್ನೂ ಹೊತ್ತಿದೆ" ಎಂದು ಹೇಳಿ ಕತೆ ಶುರುಮಾಡಿದರು.

ಒಂದು ರಾಜ್ಯದಲ್ಲಿ, ಬಂದರಿನ ಪಕ್ಕದ ಗುಡ್ಡದ ಮೇಲೆ, ಒಂದು ವೀಕ್ಷಣಾಲಯವಿತ್ತು. ಅಲ್ಲಿ ಎರಡು ಕಲ್ಲುಕಂಬಗಳ ನಡುವೆ ಹಿತ್ತಾಳೆಯ ದುರ್ಬೀನೊಂದನ್ನು ಕೂರಿಸಿದ್ದರು. ಮುಂದೆ ದೊಡ್ಡ ಮಸೂರ, ಹಿಂದೆ ಕಣ್ಣಿಡುವ ಚಿಕ್ಕ ಮಸೂರ. ಅದು ಮೇಲೆ ಕೆಳಗೆ ಆಡುತ್ತಿತ್ತೇ ಹೊರತು ಪಕ್ಕಕ್ಕೆ ತಿರುಗುತ್ತಿರಲಿಲ್ಲ. ನಕ್ಷತ್ರವೇ ಅದರ ಮುಂದೆ ಹಾದುಹೋಗಬೇಕು. ಒಳಗೆ ಜೇಡನ ಬಲೆಯ ಒಂದು ಎಳೆಯನ್ನು ನೆಟ್ಟಗೆ ಬಿಗಿದಿದ್ದರು. ಅಷ್ಟು ತೆಳುವಾದ ದಾರ ಯಾವ ನೇಕಾರನ ಬಳಿಯೂ ಇರಲಿಲ್ಲ. ನಕ್ಷತ್ರ ಆ ಎಳೆಯನ್ನು ಯಾವ ಕ್ಷಣದಲ್ಲಿ ದಾಟಿತೆಂದು ನೋಡಿ, ಅದರಂತೆ ಗಡಿಯಾರವನ್ನು ತಿದ್ದುವುದು ಅಲ್ಲಿಯ ಕೆಲಸ.

ಮರುದಿನ ಮಧ್ಯಾಹ್ನ ಆ ಗಡಿಯಾರ ಹನ್ನೆರಡು ತೋರಿಸಿದಾಗ ಗುಡ್ಡದ ಮೇಲೆ ತೋಪು ಹಾರಿಸುತ್ತಿದ್ದರು. ಸದ್ದು ನಿಧಾನವಾಗಿ ಬರುತ್ತದೆಂದು ಹಡಗಿನವರು ತೋಪಿನ ಹೊಗೆಯನ್ನೇ ನೋಡಿ ತಮ್ಮ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಕಡಲಿನಲ್ಲಿ ಅರ್ಧ ಸೆಕೆಂಡಿನ ತಪ್ಪು ಎಂದರೆ ಒಂದು ಕೂಗಳತೆ ದೂರದ ತಪ್ಪು. ಹಡಗು ಬಂಡೆಗೆ ಬಡಿಯಲು ಅಷ್ಟು ಸಾಕು.

ವೀಕ್ಷಣಾಲಯದಲ್ಲಿ ಇದ್ದವರು ಇಬ್ಬರು, ಒಬ್ಬ ಮುಖ್ಯಸ್ಥ, ಒಬ್ಬ ಸಹಾಯಕ. ಒಂದು ಸಂಜೆ ಅವನು, ಒಂದು ಸಂಜೆ ಇವನು. ಕಣ್ಣು ಎಳೆಯ ಮೇಲೆ, ಕಿವಿ ಗಡಿಯಾರದ ಮೇಲೆ. ಗಡಿಯಾರ ಸೆಕೆಂಡಿಗೊಮ್ಮೆ ಟಕ್ಕೆನ್ನುತ್ತಿತ್ತು. ನಕ್ಷತ್ರ ಅದಕ್ಕಾಗಿ ಕಾಯುತ್ತದೆಯೇ? ಒಂದು ಟಕ್ಕಿಗೂ ಇನ್ನೊಂದು ಟಕ್ಕಿಗೂ ನಡುವೆ ಎಲ್ಲೋ ದಾಟಿಬಿಡುತ್ತಿತ್ತು. ಆ ನಡುವಿನ ಹೊತ್ತನ್ನು ಮನಸ್ಸಿನಲ್ಲೇ ಹತ್ತು ಪಾಲು ಮಾಡಿ, ಎಷ್ಟನೆಯ ಪಾಲಿನಲ್ಲಿ ದಾಟಿತೆಂದು ಬರೆಯಬೇಕಿತ್ತು. ಸಹಾಯಕ ಇದನ್ನು ಹನ್ನೊಂದು ವರ್ಷದಿಂದ ಮಾಡುತ್ತಿದ್ದ. ಗುಡ್ಡದ ಮೇಲೆಯೇ ಅವನಿಗೊಂದು ಮನೆ ಕೊಟ್ಟಿದ್ದರು. ಕೆಲಸ ಹೋದರೆ ಮನೆಯೂ ಹೋಗುವಂಥದ್ದು.

ಒಂದು ವರ್ಷ ಮುಖ್ಯಸ್ಥ ಹಳೆಯ ಪುಸ್ತಕಗಳನ್ನೆಲ್ಲ ತೆಗೆದು ನೋಡಿದ. ಗಡಿಯಾರ ದಿನ ಬಿಟ್ಟು ದಿನ ಅರ್ಧ ಸೆಕೆಂಡು ತಪ್ಪುತ್ತಿದ್ದಂತೆ ಕಂಡಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮುಖ್ಯಸ್ಥನೂ ಮೊದಲು ಗಡಿಯಾರವನ್ನೇ ಬೈದ. ರಿಪೇರಿಯವನು ಬಂದು ಬಿಚ್ಚಿ, ಎಣ್ಣೆ ಹಾಕಿ, ಜೋಡಿಸಿ ಹೋದ. ಮತ್ತೆ ಬಂದ. ಮೂರನೆಯ ಸಲ ಬಂದವನು ಗಡಿಯಾರವನ್ನು ಮುಟ್ಟಲೇ ಇಲ್ಲ.

"ಸ್ವಾಮಿ, ಇವತ್ತು ಯಾರ ಸರದಿ ಅಂತ ಗಡಿಯಾರಕ್ಕೆ ಗೊತ್ತಾಗಲ್ಲ" ಎಂದಷ್ಟೇ ಹೇಳಿ ಗುಡ್ಡ ಇಳಿದ.

ಆಗ ಮುಖ್ಯಸ್ಥನಿಗೆ ಹೊಳೆಯಿತು. ಸಹಾಯಕ ಪ್ರತಿ ಸಲವೂ ತನಗಿಂತ ಐದು ಪಾಲು ತಡವಾಗಿ ಬರೆಯುತ್ತಿದ್ದ. ಮುಖ್ಯಸ್ಥ ಒಂದು ಹಾಳೆ ತೆಗೆದುಕೊಂಡು ತನ್ನ ಹೆಸರಿನ ಮುಂದೆ ಸೊನ್ನೆ, ಸಹಾಯಕನ ಹೆಸರಿನ ಮುಂದೆ ಐದು ಎಂದು ಬರೆದ. ತಿದ್ದಿಕೊಳ್ಳಲು ಒಂದು ತಿಂಗಳು ಗಡುವು ಕೊಟ್ಟ, ಆಗದಿದ್ದರೆ ಕೆಲಸ ಬಿಡಬೇಕೆಂದ. ಅವನು ಕೆಟ್ಟವನೇನಲ್ಲ. ತಾನೂ ತಪ್ಪಬಹುದು ಎಂಬ ಯೋಚನೆ ಅವನ ತಲೆಗೆ ಬರಲಿಲ್ಲ, ಅಷ್ಟೆ.

ಸಹಾಯಕ ಮಾಡದ ಪ್ರಯತ್ನವಿಲ್ಲ. ಮಧ್ಯಾಹ್ನದ ನಿದ್ದೆ ಬಿಟ್ಟ. ಮಂಪರು ಬರುತ್ತದೆಂದು ಮೊಸರನ್ನ ಬಿಟ್ಟ. ತಣ್ಣೀರಿನಲ್ಲಿ ಕಣ್ಣು ತೊಳೆದು ತೊಳೆದು ಕೆಂಪು ಮಾಡಿಕೊಂಡ. ಐದು ಪಾಲು ಐದಾಗಿಯೇ ಉಳಿಯಿತು.

ಕೊನೆಗೆ ಅವನ ಹೆಂಡತಿ, "ಐದು ಪಾಲು ಕಳೆದು ಬರೆದುಬಿಡಿ. ಯಾರ ಗಂಟು ಹೋಗುತ್ತೆ?" ಎಂದಳು.

"ಕಾಣದೇ ಇದ್ದದ್ದನ್ನ ಬರೆಯೋದಾದ್ರೆ ದುರ್ಬೀನು ಯಾಕೆ ಬೇಕು? ಅಡುಗೆಮನೇಲಿ ಕೂತೇ ಬರೀಬಹುದಲ್ಲ" ಎಂದ ಅವನು.

ಹೆಂಡತಿಗೆ ನಗುವೂ ಬಂತು, ಅಳುವೂ ಬಂತು. ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬತೊಡಗಿದಳು. ಈ ಭಾಗಕ್ಕೆ ಬಂದಾಗಲೆಲ್ಲ ನನಗೆ ಆ ಸಹಾಯಕನ ಮೇಲೆ ಬಹಳ ಪ್ರೀತಿ ಬರುತ್ತದೆ.

ವಿಷಯ ರಾಜನ ಬಳಿಗೆ ಹೋಯಿತು. ಹನ್ನೊಂದು ವರ್ಷ ದುಡಿದವನನ್ನು ಒಬ್ಬನ ಮಾತಿನ ಮೇಲೆ ತೆಗೆಯುವುದು ಬೇಡ, ಮೂರನೆಯವನೊಬ್ಬ ನೋಡಿ ಹೇಳಲಿ ಎಂದು ರಾಜ ಅಪ್ಪಣೆ ಮಾಡಿದ. ಮುಖ್ಯಸ್ಥ ಸಂತೋಷದಿಂದಲೇ ಒಪ್ಪಿದ. ಮೂರನೆಯವನನ್ನು ತಾನೇ ಆರಿಸಿದ. ಆಸ್ಥಾನದ ಮೃದಂಗ ವಿದ್ವಾಂಸ, ನಲವತ್ತು ವರ್ಷದಲ್ಲಿ ಒಂದು ಸಲವೂ ತಾಳ ತಪ್ಪದವನು. ಅವನ ಮಾತಿಗೆ ಯಾರು ತಾನೇ ಎದುರಾಡುತ್ತಾರೆ?

ವಿದ್ವಾಂಸ ಹತ್ತು ದಿನ ಕೆಲಸ ಕಲಿತ. ಆಮೇಲೆ ಹತ್ತು ಸಂಜೆ ದುರ್ಬೀನಿಗೆ ಕಣ್ಣಿಟ್ಟು ಬರೆದ. ಮುಖ್ಯಸ್ಥ ಲೆಕ್ಕ ಹಾಕಿ ನೋಡಿದರೆ, ಆತ ಬರೆದದ್ದು ಪ್ರತಿ ಸಲವೂ ತನಗಿಂತ ಮೂರು ಪಾಲು ಮುಂಚೆ. ಹೊಸಬ, ಇನ್ನೂ ಕೈ ಕೂತಿಲ್ಲ ಎಂದುಕೊಂಡು ಮತ್ತೆ ಹತ್ತು ಸಂಜೆ ನೋಡಿಸಿದ. ಮತ್ತೆ ಮೂರೇ. ಐದು ಪಾಲು ತಡ ಮಾಡಿದವನು ಗುಡ್ಡ ಇಳಿಯಬೇಕು ಎಂದಾದರೆ, ವಿದ್ವಾಂಸನಿಗಿಂತ ಮೂರು ಪಾಲು ತಡ ಮಾಡಿದ ತಾನು ಎಲ್ಲಿಯವರೆಗೆ ಇಳಿಯಬೇಕು?

ಆ ರಾತ್ರಿ ಮುಖ್ಯಸ್ಥನಿಗೆ ಊಟ ರುಚಿಸಲಿಲ್ಲ. ಬೆಳಿಗ್ಗೆ ವಿದ್ವಾಂಸನನ್ನು ಕೇಳಿಯೇ ಬಿಟ್ಟ.

"ನಮ್ಮ ಮೂವರಲ್ಲಿ ತಪ್ಪು ಯಾರದು?"

"ತಪ್ಪು ಅನ್ನಬೇಡಿ ಸ್ವಾಮಿ, ಕೈ ಅನ್ನಿ" ಎಂದ ವಿದ್ವಾಂಸ. "ನಮ್ಮಲ್ಲೂ ಒಬ್ಬೊಬ್ಬರ ಕೈ ತಾಳಕ್ಕಿಂತ ಒಂದು ಕೂದಲಷ್ಟು ಮುಂದೆ ಬೀಳುತ್ತೆ, ಒಬ್ಬೊಬ್ಬರದು ಒಂದು ಕೂದಲಷ್ಟು ಹಿಂದೆ. ದಿನಕ್ಕೊಂದು ಥರ ಬಿದ್ರೆ ಕಷ್ಟ. ಯಾವತ್ತೂ ಒಂದೇ ಥರ ಬಿದ್ರೆ, ಹಾಡೋರು ಅದನ್ನ ಗೊತ್ತುಮಾಡಿಕೊಂಡು ಹಾಡ್ತಾರೆ. ನಿಮ್ಮ ಸಹಾಯಕರು ಹನ್ನೊಂದು ವರ್ಷದಲ್ಲಿ ಆ ಐದನ್ನ ಆರು ಮಾಡಿಲ್ಲ, ನಾಲ್ಕು ಮಾಡಿಲ್ಲ. ಅಂಥ ಕೈ ನನಗೆ ಸಿಕ್ಕಿದ್ರೆ ನಾನು ಬಿಡ್ತಿರಲಿಲ್ಲ."

ಮುಖ್ಯಸ್ಥ ಆ ಹಳೆಯ ಹಾಳೆ ತೆಗೆದು, ತನ್ನ ಹೆಸರಿನ ಮುಂದಿದ್ದ ಸೊನ್ನೆಯನ್ನು ಹೊಡೆದುಹಾಕಿದ. ಅದು ಸುಲಭದ ಕೆಲಸವಲ್ಲ ಮಗು. ಎಷ್ಟೋ ಜನ ಗುಡ್ಡ ಕಡಿದು ದಾರಿ ಮಾಡುತ್ತಾರೆ, ಆ ಒಂದು ಸೊನ್ನೆ ಮಾತ್ರ ಅವರ ಕೈಲಿ ಹೊಡೆಯಲಾಗುವುದಿಲ್ಲ.

ಅವನು ನೇರವಾಗಿ ಸಹಾಯಕನ ಮನೆಗೆ ನಡೆದ. ಬಾಗಿಲಲ್ಲಿ ಕಟ್ಟಿಟ್ಟಿದ್ದ ಗೋಣಿಚೀಲವನ್ನು ತಾನೇ ಎತ್ತಿ ಒಳಗಿಟ್ಟ. ಗಡಿಬಿಡಿಯಲ್ಲಿ ಚೀಲ ತಲೆಕೆಳಗಾಗಿ ಪಾತ್ರೆಗಳೆಲ್ಲ ಉರುಳಿದವು. ಸಹಾಯಕನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಮಧ್ಯಾಹ್ನ ಮೂವರಿಗೂ ಅಲ್ಲೇ ಊಟ. ಸಹಾಯಕ ಮೂರು ಸಲ ಮೊಸರನ್ನ ಹಾಕಿಸಿಕೊಂಡ.

ಅಂದಿನಿಂದ ಇಬ್ಬರೂ ಕಂಡದ್ದನ್ನು ಕಂಡ ಹಾಗೆಯೇ ಬರೆದರು. ಇಬ್ಬರ ನಡುವಿನ ಅಂತರವನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟು, ಲೆಕ್ಕದಲ್ಲಿ ಅದನ್ನು ಸರಿದೂಗಿಸಿದರು. ಗಡಿಯಾರ ದಿನ ಬಿಟ್ಟು ದಿನ ತಪ್ಪುವುದು ನಿಂತಿತು. ದೂರದೂರದ ಹಡಗಿನವರೂ ಆ ಗುಡ್ಡದ ತೋಪನ್ನು ನಂಬುವಂತಾಯಿತು. ವಿದ್ವಾಂಸನಿಗೆ ಅಲ್ಲೇ ಉಳಿಯಿರೆಂದು ಎಷ್ಟು ಹೇಳಿದರೂ ಅವನು ಒಪ್ಪಲಿಲ್ಲ. ಎಷ್ಟು ಚೆನ್ನಾಗಿ ನೋಡಿದರೂ ನಕ್ಷತ್ರಗಳು ಭೇಷ್ ಎನ್ನುವುದಿಲ್ಲ ಎಂದು ಹೇಳಿ ಮೃದಂಗದ ಬಳಿಗೆ ಹೊರಟುಹೋದ.

ಗುರುಗಳು ಕತೆ ನಿಲ್ಲಿಸಿ, ಸುಲಿದ ಕಡಲೆಬೀಜಗಳನ್ನು ವೃಷಭೇಂದ್ರನ ಕಡೆಗೆ ಸರಿಸಿದರು. ಅವನು ಒಂದನ್ನೂ ಮುಟ್ಟಲಿಲ್ಲ.

"ಹಾಗಾದರೆ ಗುರುಗಳೇ, ನಕ್ಷತ್ರ ನಿಜವಾಗಿ ದಾಟಿದ ಕ್ಷಣವನ್ನು ಬರೆದವರು ಆ ಮೂವರಲ್ಲಿ ಯಾರು?" ಎಂದು ಕೇಳಿದ.

"ಫಾಲಾಕ್ಷ ನಿನಗಿಂತ ಎಷ್ಟು ತಡವೆಂದು ತಿಂಗಳೆಲ್ಲ ಅಳೆದೆಯಲ್ಲ, ನೀನು ಅವನಿಗಿಂತ ಎಷ್ಟು ಆತುರವೆಂದು ಯಾವಾಗ ಅಳೆಯುತ್ತೀ?" ಎಂದರು ಗುರುಗಳು.

ವೃಷಭೇಂದ್ರ ಒಂದು ಹಿಡಿ ಕಡಲೆಬೀಜ ತೆಗೆದುಕೊಂಡು ಫಾಲಾಕ್ಷನನ್ನು ಹುಡುಕಿಕೊಂಡು ಹೊರಟ.