ಮುದಿ ಕೋವಿಯ ಕೊನೆಯ ಗುಂಡು

"ನನ್ನ ಕೊನೆಯ ಗುಂಡಿಗೆ ಒಂದಲ್ಲ ಕಣಮ್ಮ, ಎರಡು ಹುಲಿ ಉರುಳಿದವು. ನೋಡಿದವರು ಯಾರೂ ಈಗ ಬದುಕಿಲ್ಲ," ಎಂದಿತು ಮುದಿ ಕೋವಿ. ಚುನಾವಣೆ ಮುಗಿಯುವ ತನಕ ಊರಿನ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕೆಂಬ ಕಾನೂನಿನಂತೆ ಅದೂ ಅಲ್ಲಿನ ಗೋಡೆಗೆ ಒರಗಿತ್ತು.

ಮೊಟ್ಟೆಯಿಡಲು ಜಾಗ ಹುಡುಕುತ್ತಿದ್ದ ಹಲ್ಲಿ ಕೇಳಿತು, "ಹಾಗಾದರೆ ನಿನ್ನ ನಳಿಗೆ ಖಾಲಿ ತಾನೇ, ಅಜ್ಜ? ನನ್ನ ಮಕ್ಕಳ ಜೀವದ ಮಾತಿದು."

"ಖಾಲಿಯಲ್ಲದೆ! ಪೊಲೀಸಪ್ಪ ಕೇಳಿದಾಗ ನನ್ನ ಯಜಮಾನ ಇದೇ ಹುಲಿ ಕಥೆ ಹೇಳಿದ. ಅವನು ನಂಬಿ, ಒಳಗೆ ಇಣುಕಲೂ ಇಲ್ಲ. ನೀನೇನು ಅವನಿಗಿಂತ ದೊಡ್ಡವಳೋ? ನಿಜವೆಂದು ಲೊಚಗುಟ್ಟು, ಸಾಕು."

ಹಲ್ಲಿ ಲೊಚಗುಟ್ಟಲಿಲ್ಲ. ನಳಿಗೆಯೊಳಗೆ ತಳದವರೆಗೂ ಇಳಿದು, ಎದ್ದೆನೋ ಬಿದ್ದೆನೋ ಎಂದು ಹೊರಗೆ ಬಂತು.

"ಅಜ್ಜ, ಗುಂಡು ಒಳಗೇ ಕೂತಿದೆ! ಮದ್ದಿನ ವಾಸನೆಯೂ ಇದೆ. ಕಿಡಿ ಹೊತ್ತಿಸುವ ನಿನ್ನ ಕುದುರೆ ಒಮ್ಮೆ ಬಿದ್ದರೆ ನಮ್ಮ ಕಥೆ ಮುಗಿಯಿತು."

ಕೋವಿಗೆ ಗಲಿಬಿಲಿಯಾಯಿತು. ಹುಲಿಗಳು ಉರುಳಿದ್ದು ಚೆನ್ನಾಗಿ ನೆನಪಿತ್ತು. ಎಷ್ಟು ಯೋಚಿಸಿದರೂ ಢಂ ಎಂದ ಸದ್ದು ಮಾತ್ರ ನೆನಪಾಗಲಿಲ್ಲ.

"ಹಾಗಾದರೆ ನನ್ನ ಮುಖ ನೋಡಿಯೇ ಹೆದರಿ ಸತ್ತಿರಬೇಕು, ಬಿಡು," ಎಂದು ಹೆಗಲು ಕುಣಿಸಿತು.

"ಅಲುಗಬೇಡ, ಮಹಾರಾಯ!" ಎನ್ನುತ್ತಾ ಹಲ್ಲಿ ಸೂರಿಗೆ ಓಡಿತು.