ಅರ್ಧ ಆಟದ ಗುಟುಕು

"ಬುದ್ಧೀ, ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವವನ ಮೇಲೆ ಸಂಶಯ ಬಂದರೆ ಏನು ಮಾಡಬೇಕು?"

ಕೇಳಿದವನು ಮಠದ ಶಿಷ್ಯ ಗುರುಪಾದ. ಬೆಳಗಿನ ಪೂಜೆ ಮುಗಿಸಿ ಜಗಲಿಗೆ ಬಂದು ಕೂತಿದ್ದ ಸ್ವಾಮಿಗಳು ಅವನ ಮುಖ ನೋಡಿದರು.

"ಯಾರ ಮೇಲೆ?"

"ಚೆನ್ನವೀರನ ಮೇಲೆ. ಸಂಜೆ ಹೊತ್ತು ನಾವಿಬ್ಬರೂ ತರ್ಕ ಮಾಡಿ ಪಳಗುತ್ತಿದ್ದೆವು. ಮೊದಮೊದಲು ಅವನೇ ಗೆಲ್ಲುತ್ತಿದ್ದ. ನನಗೆ ಓದಲು ಹೊತ್ತು ಸಿಗಲೆಂದು ದಾಸೋಹದಲ್ಲಿ ನನ್ನ ಪಾಲಿನ ಕೆಲಸವನ್ನೂ ಅವನೇ ವಹಿಸಿಕೊಂಡ. ಅಲ್ಲಿಂದ ಮುಂದೆ ನಾನೇ ಗೆಲ್ಲುತ್ತ ಬಂದೆ. ಆದರೆ ಮೊನ್ನೆ ಪಕ್ಕದ ಮಠದ ಸಭೆಯಲ್ಲಿ ಎಲ್ಲರೆದುರು ಸೋತು ಸುಣ್ಣವಾದೆ. ಚೆನ್ನವೀರ ಇಷ್ಟು ದಿನ ಬೇಕೆಂದೇ ಸೋತು ನನ್ನನ್ನು ಉಬ್ಬಿಸಿದ್ದಾನೆ ಬುದ್ಧೀ. ಇನ್ನು ಅವನೊಡನೆ ಒಂದು ಕೋಣೆಯಲ್ಲಿ ಇರಲಾರೆ. ಬೇರೆ ಕೋಣೆಗೆ ಹೋಗಲು ತಮ್ಮ ಅಪ್ಪಣೆಯಾಗಬೇಕು."

ಸ್ವಾಮಿಗಳು ಅಪ್ಪಣೆ ಕೊಡಲಿಲ್ಲ. ಕೂರು ಎಂದು ಕೈ ತೋರಿಸಿ ಕತೆ ಹೇಳಿದರು.

ಒಂದು ಘಟ್ಟದ ಊರಿನಲ್ಲಿ ಒಬ್ಬ ಕಾಫಿ ವ್ಯಾಪಾರಿಯಿದ್ದ. ಕಾಫಿಯ ರುಚಿ ನೋಡಿ ಬೀಜದ ಗುಣ ಹೇಳುವುದು ಅವನ ಕಸುಬು. ಚಮಚದಿಂದ ಸೊರ್ರೆಂದು ಹೀರಿ, ಬಾಯೊಳಗೆ ಆಡಿಸಿ, ಪಕ್ಕದ ಪೀಕದಾನಿಗೆ ಉಗುಳಿ, ಇದು ಕಣದಲ್ಲಿ ಒಣಗುವಾಗ ಒಂದು ಮಳೆ ತಿಂದಿದೆ ಎಂದು ಹೇಳಿಬಿಡುತ್ತಿದ್ದ. ದಿನವಿಡೀ ಕಾಫಿ ಬಾಯಿಗಿಟ್ಟರೂ ಒಂದು ಗುಟುಕನ್ನೂ ಗಂಟಲಿಗೆ ಇಳಿಸುತ್ತಿರಲಿಲ್ಲ. ಆ ಕಸುಬಿನಲ್ಲಿ ಉಗುಳುವುದೇ ಮರ್ಯಾದೆ.

ಅವನಿಗೆ ಎರಡು ಹುಚ್ಚು. ಒಂದು ವಿಸ್ಕಿ, ಇನ್ನೊಂದು ಗಾಲ್ಫ್.

ಮಠದಲ್ಲಿ ಕೂತವನಿಗೆ ಇದೆಲ್ಲ ಹೇಗೆ ಗೊತ್ತು ಎಂದು ಹುಬ್ಬೇರಿಸಬೇಡ. ಕಾಲಿಗೆ ಬೀಳಲು ಎಲ್ಲ ಬಗೆಯವರೂ ಬರುತ್ತಾರೆ. ಬಿದ್ದವರು ಏಳುವ ಮೊದಲು ಎಲ್ಲವನ್ನೂ ಹೇಳುತ್ತಾರೆ. ನಾನು ಹನಿ ಮುಟ್ಟಿದವನಲ್ಲ. ನಂಬಿದರೆ ನಂಬು, ಬಿಟ್ಟರೆ ಬಿಡು.

ವಿಸ್ಕಿಯನ್ನು ಅವನು ಕುಡುಕನ ಹಾಗೆ ಪ್ರೀತಿಸುತ್ತಿರಲಿಲ್ಲ. ಲೋಟಕ್ಕೆ ಮೂಗಿಟ್ಟು, ಎರಡು ಹನಿ ನೀರು ಬೆರೆಸಿ, ಮತ್ತೆ ಮೂಗಿಟ್ಟು, ಕಣ್ಣು ಮುಚ್ಚಿ ನಾಲಿಗೆಯ ಮೇಲೆ ಹೊರಳಿಸುತ್ತಿದ್ದ. ಇದು ಹೊಗೆ ಕುಡಿದ ಬಾರ್ಲಿ, ಇದು ಸುಟ್ಟ ಮರದ ಪೀಪಾಯಿಯಲ್ಲಿ ಮಲಗಿ ಬಂದದ್ದು ಎಂದು ಗುರುತು ಹಿಡಿಯುತ್ತಿದ್ದ. ಆಮೇಲೆ ಕಾಫಿಯಂತೆಯೇ ಅದನ್ನೂ ಉಗುಳಿಬಿಡುತ್ತಿದ್ದ.

ಗಾಲ್ಫನ್ನು ಅವನು ಪ್ರೀತಿಸಿದ; ಗಾಲ್ಫ್ ಅವನನ್ನು ಪ್ರೀತಿಸಲಿಲ್ಲ. ಕೋಲಿನಿಂದ ಸಣ್ಣ ಚೆಂಡನ್ನು ಹೊಡೆದು ದೂರದ ಕುಳಿಗೆ ಬೀಳಿಸುವ ಆಟ ಅದು. ಕಡಿಮೆ ಹೊಡೆತದಲ್ಲಿ ಬೀಳಿಸಿದವನು ಆ ಕುಳಿ ಗೆದ್ದಂತೆ. ವ್ಯಾಪಾರಿಯ ಚೆಂಡು ಕುಳಿಯೊಂದನ್ನು ಬಿಟ್ಟು ಎಲ್ಲ ಕಡೆಗೂ ಹೋಗುತ್ತಿತ್ತು. ಕ್ಲಬ್ಬಿನ ಗೋಡೆಯ ಮೇಲೆ ವರ್ಷವರ್ಷವೂ ಕಪ್ ಗೆದ್ದವರ ಹೆಸರು ಬರೆದ ಒಂದು ಹಲಗೆಯಿತ್ತು. ಸಾಯುವ ಮೊದಲು ಅದರಲ್ಲಿ ತನ್ನ ಹೆಸರು ಕಾಣಬೇಕು ಎಂಬುದು ಅವನ ಆಸೆ. ಆ ಆಸೆಯನ್ನು ಅವನು ಒಬ್ಬನಿಗೆ ಮಾತ್ರ ಹೇಳಿದ್ದ.

ಆ ಒಬ್ಬ ಅವನ ಗೆಳೆಯ, ಸೈನ್ಯದಿಂದ ನಿವೃತ್ತನಾಗಿ ಊರಿಗೆ ಬಂದ ಮೇಜರ್. ಸ್ಲೇಟು ಹಿಡಿದ ಕಾಲದಿಂದ ಬೆಳೆದ ಗೆಳೆತನ. ಪ್ರತಿ ಭಾನುವಾರ ಇಬ್ಬರೂ ಆಡುತ್ತಿದ್ದರು. ಪ್ರತಿ ಭಾನುವಾರ ಮೇಜರನೇ ಗೆಲ್ಲುತ್ತಿದ್ದ.

ಒಂದು ದಿನ ವ್ಯಾಪಾರಿಗೆ ಒಂದು ವಿಚಾರ ಹೊಳೆಯಿತು. ಎರಡು ಪ್ರೀತಿಗಳನ್ನು ಬೇರೆ ಬೇರೆ ಸಾಕುವುದೇಕೆ? ವಿಸ್ಕಿಯ ರುಚಿ ನೋಡುವಾಗ ಮನಸ್ಸು ಒಂದು ಕಡೆ ನಿಲ್ಲುತ್ತದೆ, ಉಸಿರು ನಿಧಾನವಾಗುತ್ತದೆ, ಅವಸರ ಇಳಿಯುತ್ತದೆ. ಚೆಂಡಿನ ಮುಂದೆ ನಿಂತಾಗ ತನಗೆ ಇಲ್ಲದ್ದು ಅದೇ ಅಲ್ಲವೇ? ಅಲ್ಲಿಯದನ್ನು ಇಲ್ಲಿಗೆ ತಂದರಾಯಿತು ಎಂದುಕೊಂಡ. ವಿಚಾರ ಕೇಳಲು ಚೆನ್ನಾಗಿಯೇ ಇದೆ, ಅಲ್ಲವೇ? ಕೇಳಲು ಚೆನ್ನಾಗಿರುವ ವಿಚಾರ ಕಂಡರೆ ನನಗೆ ಮೊದಲಿನಿಂದಲೂ ಸ್ವಲ್ಪ ಹೆದರಿಕೆ.

ಮುಂದಿನ ಭಾನುವಾರ ಅವನು ಕೋಲುಗಳ ಚೀಲದಲ್ಲಿ ಒಂದು ಸೀಸೆ, ಎರಡು ಲೋಟ ತಂದ. ಅರ್ಧ ಆಟ ಮುಗಿದಾಗ ಇಬ್ಬರೂ ಒಂದು ನೇರಳೆ ಮರದ ಕೆಳಗೆ ಕೂತರು. ವ್ಯಾಪಾರಿ ಎರಡೂ ಲೋಟಕ್ಕೆ ಧಾರಾಳವಾಗಿ ಬಗ್ಗಿಸಿದ. ಉಗುಳುವವನಿಗೆ ಅಳತೆಯ ಚಿಂತೆ ಎಲ್ಲಿಯದು? ಅವನು ಕಣ್ಣು ಮುಚ್ಚಿ ರುಚಿ ನೋಡಿ ಉಗುಳಿದ. ಕಣ್ಣು ಮುಚ್ಚಿದ್ದರಿಂದ ಮೇಜರ್ ಏನು ಮಾಡಿದನೆಂದು ಅವನು ನೋಡಲಿಲ್ಲ.

ಉಳಿದರ್ಧ ಆಟವನ್ನು ಅಂದು ವ್ಯಾಪಾರಿ ಗೆದ್ದ. ಅದರ ಮುಂದಿನ ಭಾನುವಾರವೂ ಗೆದ್ದ. ಒಂದು ಬಗೆಯ ವಿಸ್ಕಿ ಎರಡಾಯಿತು, ಎರಡು ಮೂರಾಯಿತು. ಬಗೆ ಹೆಚ್ಚಿದಷ್ಟೂ ಗೆಲುವು ಹೆಚ್ಚಿತು.

ಕ್ಲಬ್ಬಿನವರಿಗೆ ಗುಮಾನಿ ಬಂತು. ಇದರಲ್ಲೇನೋ ಕರಾಮತ್ತಿದೆ ಎಂದರು. ಒಬ್ಬ ಅವನ ಚೆಂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಇನ್ನೊಬ್ಬ ಅವನ ಕೋಲನ್ನು ತೂಗಿ ನೋಡಿದ. ಕಾರ್ಯದರ್ಶಿ ಸೀಸೆಯ ಬಿರಡೆ ತೆಗೆದು ಮೂಸಿದ. ಮೂಸಿದ್ದು ಸ್ವಲ್ಪ ಹೆಚ್ಚು ಹೊತ್ತೇ ಆಯಿತು. ಯಾರಿಗೂ ಏನೂ ಸಿಗಲಿಲ್ಲ. ವ್ಯಾಪಾರಿ ನಕ್ಕು, ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಎಂದ. ಎಲ್ಲರೂ ಅವನ ಮೇಲೆ ಸಂಶಯಪಟ್ಟರು, ಅವನು ಯಾರ ಮೇಲೂ ಪಡಲಿಲ್ಲ. ಆಗ ಅವನಷ್ಟು ತಿಳಿಯಾದ ಮನಸ್ಸಿನವನು ಆ ಘಟ್ಟದಲ್ಲಿ ಇನ್ನೊಬ್ಬನಿರಲಿಲ್ಲ.

ವರ್ಷದ ಕಪ್ಪಿನ ಪಂದ್ಯ ಬಂತು. ವ್ಯಾಪಾರಿ ಹೆಸರು ಕೊಟ್ಟ. ಮೇಜರ್ ಕೊಡಲಿಲ್ಲ. "ಈ ಸಲ ನೀನು ಆಡು" ಎಂದು ಬೆನ್ನು ತಟ್ಟಿದ.

ಎದುರಾಳಿ ಊರಿಗೆ ಹೊಸದಾಗಿ ಬಂದ ಒಬ್ಬ ಹಲ್ಲಿನ ಡಾಕ್ಟರ್. ಅರ್ಧ ಆಟ ಸಮಸಮವಾಗಿ ಮುಗಿಯಿತು. ನೇರಳೆ ಮರದ ಕೆಳಗೆ ವ್ಯಾಪಾರಿ ಎಂದಿನಂತೆ ಎರಡು ಲೋಟ ತುಂಬಿದ. ಡಾಕ್ಟರ್, "ಬೇಡ ಸಾರ್, ನಾನು ತಗೊಳ್ಳಲ್ಲ" ಎಂದು ಮನೆಯಿಂದ ತಂದ ಮಜ್ಜಿಗೆ ಕುಡಿದ. ವ್ಯಾಪಾರಿ ಕಣ್ಣು ಮುಚ್ಚಿದ, ರುಚಿ ನೋಡಿದ, ಉಗುಳಿದ. ಎದ್ದು ಎಲ್ಲ ಭಾನುವಾರಗಳಂತೆಯೇ ಆಡಿದ. ಕೈ ನಡುಗಲಿಲ್ಲ, ಅವಸರಪಡಲಿಲ್ಲ. ಉಳಿದ ಕುಳಿಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ.

ಅಂದು ಅವನೊಳಗೆ ಸಂಶಯ ಹೊಕ್ಕಿತು. ಮೊದಲು ಸೀಸೆಯ ಮೇಲೆ ಬಂತು. ಮೂಸಿ ನೋಡಿದ, ಮಾಲು ಅಸಲಿಯೇ. ಆಮೇಲೆ ಮೈದಾನದ ಹುಲ್ಲು ಕತ್ತರಿಸುವವನ ಮೇಲೆ ಬಂತು, ಡಾಕ್ಟರನ ಮಜ್ಜಿಗೆಯ ಮೇಲೂ ಬಂತು. ಕೊನೆಗೆ ಅದು ಮೇಜರನ ಮೇಲೆ ಹೋಗಿ ಕೂತಿತು, ಅಲ್ಲಿಂದ ಏಳಲಿಲ್ಲ. ಎಂದೂ ಸೋಲದವನು ನನ್ನ ಕೈಯಲ್ಲಿ ಸೋತದ್ದು ಹೇಗೆ? ಈ ಸಲ ನೀನು ಆಡು ಎಂದದ್ದೇಕೆ? ಬೆನ್ನು ತಟ್ಟಿದ್ದೇಕೆ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಊರ ಮುಂದೆ ನನ್ನನ್ನು ಮಂಗ ಮಾಡಲೆಂದೇ ಅವನು ಸೋಲುತ್ತ ಬಂದಿದ್ದಾನೆ ಎಂದು ವ್ಯಾಪಾರಿ ತೀರ್ಮಾನಿಸಿದ. ನೆಟ್ಟಗೆ ಮೇಜರನ ಮನೆಗೆ ಹೋದ.

"ಬೇಕೂಂತಲೇ ಸೋಲ್ತಿದ್ದೆ ಅಲ್ವಾ ನೀನು?"

"ಇಲ್ಲ ಮಾರಾಯ, ಒಂದು ಹೊಡೆತಾನೂ ಬೇಕೂಂತ ತಪ್ಪಿಸಿಲ್ಲ" ಎಂದ ಮೇಜರ್. "ನೀನು ಬಾಯಿಗಿಟ್ಟು ಉಗುಳ್ತಿದ್ದೆ. ನಾನು ಕುಡೀತಿದ್ದೆ. ಮರದ ಕೆಳಗಿಂದ ಎದ್ದ ಮೇಲೆ ನಂಗೆ ಒಂದೊಂದು ಕುಳಿ ಎರಡೆರಡಾಗಿ ಕಾಣ್ತಿತ್ತು."

"ನೀನೂ ಉಗುಳಬಹುದಿತ್ತಲ್ಲ?"

"ಗೆಳೆಯ ಕೈಯಾರೆ ಬಗ್ಗಿಸಿ ಕೊಟ್ಟದ್ದನ್ನ ನೆಲಕ್ಕೆ ಉಗುಳೋದಾ? ಆ ಪದ್ಧತಿ ನಮ್ಮ ಮನೇಲಿಲ್ಲ."

ಅವರ ಮನೆತನದ ನಡೆ ಹಾಗೆಯೇ. ಕೊಟ್ಟವನ ಎದುರು ಲೋಟದಲ್ಲಿ ಹನಿ ಉಳಿಸಿದರೂ ಅವರಲ್ಲಿ ಅವಮಾನ. ಒಬ್ಬನಿಗೆ ಉಗುಳುವುದು ಮರ್ಯಾದೆ, ಇನ್ನೊಬ್ಬನಿಗೆ ನುಂಗುವುದು ಮರ್ಯಾದೆ.

"ನಂಗೆ ಹೇಳಬಹುದಿತ್ತು" ಎಂದ ವ್ಯಾಪಾರಿ.

ಮೇಜರ್ ಅವನ ಪಕ್ಕಕ್ಕೆ ಬಂದು ಕೂತ. "ಹೇಳೋಣ ಅಂತಲೇ ಇದ್ದೆ. ಗೆದ್ದಾಗ ನಿನ್ನ ಮುಖ ನೋಡಿದ್ರೆ ಬಾಯೇ ಬರ್ತಿರಲಿಲ್ಲ."

ಇಂಥ ಮಾತು ಕೇಳಿದ ಮೇಲೆ ಅಪ್ಪಿಕೊಳ್ಳುವುದು ಮನುಷ್ಯನಾದವನ ಕೆಲಸ. ವ್ಯಾಪಾರಿ ಪರೀಕ್ಷೆಗೆ ಹೊರಟ.

ಬರುವ ಭಾನುವಾರ ಒಂದು ಹನಿಯೂ ಇಲ್ಲದೆ ಆಡು ಎಂದ. ಮೇಜರ್ ಹಾಗೆಯೇ ಆಡಿ ಗೆದ್ದ. "ಇಷ್ಟು ಚೆನ್ನಾಗಿ ಆಡೋ ಕೈ ಎರಡು ಗುಟುಕಿಗೆ ಕೆಟ್ಟುಹೋಗ್ತದಾ? ಎಲ್ಲಾ ನಾಟಕ" ಎಂದ ವ್ಯಾಪಾರಿ. ಹಾಗಾದರೆ ಕುಡಿದು ಆಡು ಎಂದ. ಮೇಜರ್ ಮರುವಾರ ಕೊಟ್ಟದ್ದನ್ನೆಲ್ಲ ಕುಡಿದು ಆಡಿ ಸೋತ. "ಈಗಲೂ ಬೇಕೂಂತ ಸೋತು ತೋರಿಸ್ತಿದ್ದೀಯ" ಎಂದ ವ್ಯಾಪಾರಿ. ಗೆದ್ದರೂ ಕಳ್ಳ, ಸೋತರೂ ಕಳ್ಳ. ಅಂಥವನ ಮುಂದೆ ಯಾವ ಹರಿಶ್ಚಂದ್ರನಿಗೂ ಬಿಡುಗಡೆಯಿಲ್ಲ.

ಮೇಜರ್ ವಾದ ಮಾಡಲಿಲ್ಲ. ಕೋಲುಗಳನ್ನು ಒರೆಸಿ ಚೀಲಕ್ಕೆ ಹಾಕಿದ, ಚೀಲವನ್ನು ಹೆಗಲಿಗೇರಿಸಿದ, ನಡೆದುಹೋದ. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ವ್ಯಾಪಾರಿ ಒಬ್ಬನೇ ಆಡಿದ, ಒಬ್ಬನೇ ಮರದ ಕೆಳಗೆ ಕೂತ. ಯಾವ ಸೀಸೆಯ ರುಚಿಯೂ ಅವನ ನಾಲಿಗೆಗೆ ಹತ್ತಲಿಲ್ಲ. ಬೆಳೆಯಲು ಒಂದು ಆಯುಷ್ಯ ಹಿಡಿದ ಗೆಳೆತನ ಅದು. ಹೇಳುವಾಗ ನನಗೇ ಸಂಕಟವಾಗುತ್ತದೆ.

ಸ್ವಾಮಿಗಳು ಇಷ್ಟು ಹೇಳಿ ನಿಲ್ಲಿಸಿದರು. ಗುರುಪಾದನಿಗೆ ಸಮಾಧಾನವಾಗಲಿಲ್ಲ.

"ಆದರೂ ಬುದ್ಧೀ, ಎಂದೂ ಸೋಲದವನು ವಾರವಾರವೂ ಸೋತರೆ ಯಾರಿಗಾದರೂ ಸಂಶಯ ಬರಬೇಕಾದದ್ದೇ. ಅದರಲ್ಲಿ ವ್ಯಾಪಾರಿಯ ತಪ್ಪೇನು?"

"ಬರಬೇಕಾದದ್ದೇ ಮರಿ" ಎಂದರು ಸ್ವಾಮಿಗಳು. "ಆದರೆ ಸೋತ ದಿನ ಎದ್ದು ಕೂತ ಆ ಸಂಶಯ, ಗೆಲ್ಲುತ್ತಿದ್ದಷ್ಟು ದಿನ ಎಲ್ಲಿ ಮಲಗಿತ್ತು?"

ಗುರುಪಾದ ಬೇರೆ ಕೋಣೆಯ ಮಾತೆತ್ತದೆ ಎದ್ದು, ತನ್ನ ಪಾಲಿನ ಕೆಲಸಕ್ಕೆ ದಾಸೋಹದ ಕಡೆ ನಡೆದ.